ನಿಜವಾದ ನಿಂಬೆ ಉಪ್ಪು

ಬೇಸಿಗೆಯ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಶರಬತ್ತು ಕಾಯಿಸುವ ಸಂಭ್ರಮ. ಈ ಸಲವೂ ನನ್ನ ಶ್ರೀಮತಿ ಸಾಮಾನಿನ ಚೀಟಿಯೊಂದನ್ನು ಬರೆದು ನನ್ನ ಕೈಗಿತ್ತಳು. ಸಕ್ಕರೆ, ಏಲಕ್ಕಿ, ಸೊಗದೆ ಬೇರು ಇವುಗಳ ಕೆಳಗೆ ‘ನಿಂಬೆ ಉಪ್ಪು ೫೦ ಗ್ರಾಂ’ ಎಂದಿತ್ತು. ಬೀದಿಯ ಕೊನೆಯಲ್ಲಿರುವ ಶೆಟ್ಟರ ಅಂಗಡಿಯಲ್ಲಿ ಎಲ್ಲವೂ ದೊರೆತವು. ಆದರೆ ನಿಂಬೆ ಉಪ್ಪಿನ ಪೊಟ್ಟಣದ ಮೇಲೆ ಅಚ್ಚಾಗಿದ್ದ ಹೆಸರನ್ನು ಓದಿ ನಾನು ಅಲ್ಲಿಯೇ ನಿಂತೆ. ಅಚ್ಚಾದ ಅಕ್ಷರವನ್ನು ಎಲ್ಲಿ ಕಂಡರೂ ಓದದೆ ಬಿಡಲಾರದ ದುರ್ವ್ಯಸನವು ಭಾಷೆಯ ಮೇಷ್ಟರುಗಳಿಗೆ ಸಾಮಾನ್ಯವಾಗಿ ಅಂಟಿಕೊಂಡಿರುತ್ತದೆ. ಪೊಟ್ಟಣದ ಮೇಲೆ ‘ಸಿಟ್ರಿಕ್ ಆಸಿಡ್’ ಎಂದಿತ್ತು.

“ಶೆಟ್ಟರೇ, ನಾನು ಕೇಳಿದ್ದು ಉಪ್ಪು, ಇದು ಆಸಿಡ್ಡಲ್ಲವೇ?” ಎಂದೆ.

“ಎರಡೂ ಒಂದೇ ಮೇಷ್ಟ್ರೇ. ನಮ್ಮ ತಂದೆಯವರ ಕಾಲದಿಂದಲೂ ಇದಕ್ಕೆ ನಿಂಬೆ ಉಪ್ಪು ಅಂತಲೇ ಹೆಸರು. ತೊಗೊಂಡು ಹೋಗಿ, ಅಮ್ಮನವರಿಗೆ ಗೊತ್ತು” ಎಂದು ಶೆಟ್ಟರು ನಕ್ಕುಬಿಟ್ಟರು.

ಅಮ್ಮನವರಿಗೆ ಗೊತ್ತಿತ್ತು, ಶರಬತ್ತು ಚೆನ್ನಾಗಿಯೇ ಆಯಿತು. ಆದರೆ ಆಮ್ಲಕ್ಕೆ ಉಪ್ಪೆಂಬ ಹೆಸರು ಹೇಗೆ ಬಂದಿತೆಂಬ ಸಂದೇಹ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವವರು ರಸಾಯನಶಾಸ್ತ್ರದ ಉಪನ್ಯಾಸಕರು. ಅವರ ಮುಂದೆ ಈ ಪ್ರಸಂಗವನ್ನು ಹೇಳಿದಾಗ ಅವರು ಚಹದ ಲೋಟವನ್ನು ಕೆಳಗಿಟ್ಟು, “ಪಂಡಿತರೇ, ಬಿಳಿಯ ಹರಳಾಗಿ ಕಂಡದ್ದೆಲ್ಲ ನಮ್ಮ ಜನಕ್ಕೆ ಉಪ್ಪು. ಹಾಗಾಗಿ ಆಮ್ಲಕ್ಕೂ ಉಪ್ಪೆಂದು ಹೆಸರಿಟ್ಟರು. ಆದರೆ ನಿಜವಾದ ನಿಂಬೆ ಉಪ್ಪು ಬೇರೆಯೇ ಒಂದಿದೆ. ಅದಕ್ಕೆ ಸೋಡಿಯಂ ಸಿಟ್ರೇಟ್ ಎಂದು ಹೆಸರು. ಅದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಆದರೂ ಅದು ಪ್ರವೇಶಿಸದ ಮನೆಯಿಲ್ಲ” ಎಂದರು.

ಆ ಹೆಸರು ಕಿವಿಗೆ ಬಿದ್ದೊಡನೆ ಎರಡು ವರ್ಷಗಳ ಹಿಂದಿನ ಒಂದು ರಾತ್ರಿ ನನ್ನ ಕಣ್ಣ ಮುಂದೆ ಬಂದು ನಿಂತಿತು. ನನ್ನ ತಂಗಿಗೆ ಹೆರಿಗೆಯಾಗಿ ಒಂದು ಗಂಟೆ ಕಳೆದಿತ್ತು. ಮಗು ಸುಖವಾಗಿತ್ತು, ತಾಯಿಯ ರಕ್ತಸ್ರಾವ ಮಾತ್ರ ನಿಲ್ಲಲಿಲ್ಲ. ವೈದ್ಯರು ಒಂದು ಚೀಟಿಯನ್ನೂ ರಕ್ತದ ಮಾದರಿಯ ಪುಟ್ಟ ಕೊಳವೆಯನ್ನೂ ನನ್ನ ಕೈಗೆ ಕೊಟ್ಟು, ರಕ್ತನಿಧಿಗೆ ಓಡುವಂತೆ ಹೇಳಿದರು. ಅವಳದು ಸುಲಭವಾಗಿ ಸಿಗದ, ಓ ನೆಗೆಟಿವ್ ವರ್ಗದ ರಕ್ತ. ಆ ಸರಿರಾತ್ರಿಯಲ್ಲಿ ಆ ವರ್ಗದವರೊಬ್ಬರನ್ನು ಎಬ್ಬಿಸಿ ಕರೆತರುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಅದರ ಅವಶ್ಯಕತೆಯೂ ಬೀಳಲಿಲ್ಲ. ರಕ್ತನಿಧಿಯ ಶೀತಪೆಟ್ಟಿಗೆಯಲ್ಲಿ ಎರಡು ಚೀಲಗಳಿದ್ದವು. ಹೊಂದಾಣಿಕೆಯ ಪರೀಕ್ಷೆಯನ್ನು ಮಾಡಿ ಅವುಗಳನ್ನು ನನಗೆ ಕೊಟ್ಟರು.

ಆಟೋರಿಕ್ಷಾದಲ್ಲಿ ಹಿಂದಿರುಗುವಾಗ, ಬೀದಿದೀಪಗಳ ಬೆಳಕು ಬಂದು ಹೋಗುತ್ತಿದ್ದಂತೆ, ನಾನು ಆ ಚೀಲದ ಮೇಲಿನ ಚೀಟಿಯನ್ನು ಓದಿದೆ. ಇನ್ನೇನನ್ನೂ ಮಾಡಲು ತೋಚದ ಹೊತ್ತಿನಲ್ಲಿ ಓದುವುದೊಂದೇ ನನಗೆ ತಿಳಿದ ಕೆಲಸ. ರಕ್ತದ ವರ್ಗ, ಒಂದು ಸಂಖ್ಯೆ, ರಕ್ತವನ್ನು ತೆಗೆದುಕೊಂಡ ದಿನಾಂಕ. ಆ ದಿನಾಂಕಕ್ಕೆ ಹತ್ತೊಂಬತ್ತು ದಿವಸಗಳು ತುಂಬಿದ್ದವು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಚೀಲದಲ್ಲಿದ್ದ ದ್ರಾವಣದ ವಿವರ. ಅದರಲ್ಲಿ ‘ಸೋಡಿಯಂ ಸಿಟ್ರೇಟ್’ ಎಂಬ ಎರಡು ಪದಗಳು. ಅಂದು ಅವುಗಳ ಅರ್ಥ ನನಗೆ ತಿಳಿಯಲಿಲ್ಲ. ತಿಳಿಯಬೇಕೆಂದು ತೋರಲೂ ಇಲ್ಲ. ಬೆಳಗಾಗುವ ಹೊತ್ತಿಗೆ ತಂಗಿ ಕಣ್ಣು ತೆರೆದು ಮಗುವನ್ನು ಕೇಳಿದಳು. ಅಷ್ಟೇ ಸಾಕಾಗಿತ್ತು.

ಈಗ ಎರಡು ವರ್ಷಗಳ ಮೇಲೆ, ಒಂದು ಪೊಟ್ಟಣ ನಿಂಬೆ ಉಪ್ಪಿನ ನೆಪದಿಂದ, ಆ ಎರಡು ಪದಗಳ ಅರ್ಥವನ್ನು ನನ್ನ ಮಿತ್ರರಿಂದ ಕೇಳಿ ತಿಳಿದುಕೊಂಡೆ. ಅದನ್ನೇ ವಾಚಕರ ಮುಂದೆ ಇಡುತ್ತಿದ್ದೇನೆ.

ನಿಂಬೆ, ಕಿತ್ತಳೆ, ಹೇರಳೆ ಮೊದಲಾದ ಹಣ್ಣುಗಳ ಹುಳಿಗೆ ಮುಖ್ಯ ಕಾರಣ ಸಿಟ್ರಿಕ್ ಆಮ್ಲ. ಸ್ವೀಡನ್ ದೇಶದ ಔಷಧ ವ್ಯಾಪಾರಿಯೂ ಮಹಾ ರಸಾಯನಜ್ಞನೂ ಆಗಿದ್ದ ಕಾರ್ಲ್ ವಿಲ್ಹೆಲ್ಮ್ ಷೀಲೆ ೧೭೮೪ರಲ್ಲಿ ಇದನ್ನು ನಿಂಬೆಯ ರಸದಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದನು. ಆತನ ಉಪಾಯ ಸರಳವಾದುದು. ರಸಕ್ಕೆ ಸೀಮೆಸುಣ್ಣದ ಪುಡಿಯನ್ನು ಹಾಕಿದರೆ ಆಮ್ಲವು ಸುಣ್ಣದೊಡನೆ ಕೂಡಿ ತಳಕ್ಕೆ ಇಳಿಯುತ್ತದೆ. ಆ ಗಸಿಯನ್ನು ಗಂಧಕಾಮ್ಲದಲ್ಲಿ ಕಲಸಿದರೆ ಸುಣ್ಣವು ಗಂಧಕಾಮ್ಲವನ್ನು ಹಿಡಿದುಕೊಂಡು ನಿಂಬೆಯ ಆಮ್ಲವನ್ನು ಬಿಟ್ಟುಕೊಡುತ್ತದೆ. ಸುಣ್ಣಕ್ಕೂ ಈ ಆಮ್ಲಕ್ಕೂ ಇರುವ ಈ ನಂಟನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಬಹುಕಾಲದವರೆಗೆ ಈ ಆಮ್ಲವು ಇಟಲಿಯ ನಿಂಬೆಯ ತೋಟಗಳಿಂದ ಬರುತ್ತಿತ್ತು. ೧೯೧೭ರಲ್ಲಿ ಅಮೆರಿಕದ ಜೇಮ್ಸ್ ಕರ್ರಿ ಎಂಬ ವಿಜ್ಞಾನಿಯು, ಹಳಸಿದ ಪದಾರ್ಥಗಳ ಮೇಲೆ ಕಪ್ಪಗೆ ಬೆಳೆಯುವ ‘ಆಸ್ಪರ್ಜಿಲಸ್ ನೈಗರ್’ ಎಂಬ ಬೂಷ್ಟು ಸಕ್ಕರೆಯನ್ನು ತಿಂದು ಸಿಟ್ರಿಕ್ ಆಮ್ಲವನ್ನು ಹೇರಳವಾಗಿ ಕೊಡಬಲ್ಲದೆಂದು ತೋರಿಸಿಕೊಟ್ಟನು. ಎರಡೇ ವರ್ಷಗಳಲ್ಲಿ ಫೈಜರ್ ಕಂಪೆನಿಯು ಆ ವಿಧಾನದಿಂದ ಆಮ್ಲವನ್ನು ತಯಾರಿಸಲು ತೊಡಗಿತು. ಇಂದು ಲೋಕದ ಸಿಟ್ರಿಕ್ ಆಮ್ಲದ ಬಹುಭಾಗ ಬೂಷ್ಟಿನ ದಯೆಯಿಂದಲೇ ದೊರೆಯುತ್ತದೆ. ಶೆಟ್ಟರ ನಿಂಬೆ ಉಪ್ಪಿನಲ್ಲಿ ಉಪ್ಪು ಇಲ್ಲವೆಂಬುದು ಮೊದಲೇ ತಿಳಿಯಿತು. ನಿಂಬೆಯೂ ಇಲ್ಲವೆಂಬುದು ಈಗ ತಿಳಿದಂತಾಯಿತು!

ಇನ್ನು ಲವಣದ ವಿಚಾರ. ರಸಾಯನಶಾಸ್ತ್ರದಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ಶಮನಗೊಳಿಸಿದಾಗ ಹುಟ್ಟುವ ಪದಾರ್ಥಕ್ಕೆ ಲವಣವೆಂದು ಹೆಸರು. ಸಿಟ್ರಿಕ್ ಆಮ್ಲದ ಅಣುವಿನಲ್ಲಿ ಬಿಟ್ಟುಕೊಡಲು ಸಿದ್ಧವಾದ ಜಲಜನಕದ ಪರಮಾಣುಗಳು ಮೂರಿವೆ. ಅವುಗಳ ಸ್ಥಾನದಲ್ಲಿ ಮೂರು ಸೋಡಿಯಂ ಪರಮಾಣುಗಳು ಬಂದು ಕುಳಿತರೆ ಸೋಡಿಯಂ ಸಿಟ್ರೇಟ್ ಆಗುತ್ತದೆ. ಮೂರು ಸೋಡಿಯಂ, ಆರು ಇಂಗಾಲ, ಐದು ಜಲಜನಕ, ಏಳು ಆಮ್ಲಜನಕ: ಇಷ್ಟು ಪರಮಾಣುಗಳ ಸಂಸಾರ ಅದು. ಹರಳಾಗಿರುವಾಗ ಸಾಮಾನ್ಯವಾಗಿ ಎರಡು ನೀರಿನ ಅಣುಗಳನ್ನೂ ಜೊತೆಯಲ್ಲಿಟ್ಟುಕೊಂಡಿರುತ್ತದೆ. ಬಿಳಿಯ ಬಣ್ಣ, ನೀರಿನಲ್ಲಿ ಬೇಗ ಕರಗುತ್ತದೆ, ಉಪ್ಪಿನ ರುಚಿಯಲ್ಲಿ ಹುಳಿಯ ನೆರಳು ಬೆರೆತಂತಿರುತ್ತದೆ.

ಇದನ್ನು ಅಡಿಗೆಮನೆಯಲ್ಲಿಯೇ ಮಾಡಿ ನೋಡಬಹುದು. ಒಂದು ನಿಂಬೆಹಣ್ಣಿನ ರಸವನ್ನು ಲೋಟಕ್ಕೆ ಹಿಂಡಿ, ಅಡಿಗೆ ಸೋಡವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಹೋಗಬೇಕು. ಪ್ರತಿ ಚಿಟಿಕೆಗೂ ನೊರೆ ಉಕ್ಕುತ್ತದೆ. ಹೊರಗೆ ಬರುತ್ತಿರುವುದು ಇಂಗಾಲದ ಡೈಆಕ್ಸೈಡ್ ಅನಿಲ. ಸುಮಾರು ಅರ್ಧ ಚಹಾ ಚಮಚದಷ್ಟು ಸೋಡ ಸೇರುವ ಹೊತ್ತಿಗೆ ನೊರೆ ನಿಲ್ಲುತ್ತದೆ. ಆಗ ನಾಲಗೆಯ ತುದಿಗೆ ಒಂದು ಹನಿಯನ್ನು ಹಚ್ಚಿ ನೋಡಿದರೆ ಹುಳಿ ಮಾಯವಾಗಿ, ಮಂದವಾದ ಉಪ್ಪಿನ ರುಚಿ ಉಳಿದಿರುತ್ತದೆ. ಅದೇ ನಿಜವಾದ ನಿಂಬೆ ಉಪ್ಪು. ಅಜೀರ್ಣವಾದಾಗ ನೀರಿಗೆ ಹಾಕಿ, ನೊರೆಯುಕ್ಕುತ್ತಿರುವಾಗಲೇ ಕುಡಿಯುವ ಪುಡಿಗಳಲ್ಲಿ ನಡೆಯುವುದೂ ಇದೇ ಕ್ರಿಯೆ.

ಈ ಲವಣದ ಮಹತ್ವವಿರುವುದು ರುಚಿಯಲ್ಲಲ್ಲ. ನೀರಿನಲ್ಲಿ ಕರಗಿದಾಗ ಸೋಡಿಯಂ ಅಯಾನುಗಳು ಬೇರೆಯಾಗಿ, ಸಿಟ್ರೇಟ್ ಎಂಬ ಭಾಗವು ತನ್ನ ಮೂರು ಕೈಗಳನ್ನು ಬಿಡುವಾಗಿಟ್ಟುಕೊಂಡು ತಿರುಗುತ್ತಿರುತ್ತದೆ. ಸಮೀಪದಲ್ಲಿ ಕ್ಯಾಲ್ಸಿಯಂ, ಎಂದರೆ ಸುಣ್ಣದ ಮೂಲಧಾತು, ಕರಗಿದ ರೂಪದಲ್ಲಿ ಸಿಕ್ಕಿದರೆ ಅದನ್ನು ಹಿಡಿದುಕೊಳ್ಳುತ್ತದೆ. ಷೀಲೆಯ ಗಸಿಯಲ್ಲಿ ಕಂಡ ನಂಟು ಇದೇ. ಆದರೆ ರಕ್ತದಂಥ ದ್ರವದಲ್ಲಿ, ಸ್ವಲ್ಪ ಪ್ರಮಾಣದಲ್ಲಿ, ಹೀಗೆ ಹಿಡಿದ ಕ್ಯಾಲ್ಸಿಯಂ ತಳಕ್ಕೆ ಇಳಿಯುವುದಿಲ್ಲ. ಕರಗಿದಂತೆಯೇ ಇರುತ್ತದೆ, ಕೈ ಕಟ್ಟಿದವನಂತೆ ಬೇರೆ ಕೆಲಸವನ್ನು ಮಾತ್ರ ಮಾಡಲಾರದು.

ಕ್ಯಾಲ್ಸಿಯಮ್ಮಿನ ಕೈಯನ್ನು ಕಟ್ಟುವುದರಿಂದ ಏನು ಪ್ರಯೋಜನ? ನಮ್ಮ ಭಾಷೆಯಲ್ಲಿ ಹಾಲಿಗೂ ಹೆಪ್ಪು ಎನ್ನುತ್ತೇವೆ, ರಕ್ತಕ್ಕೂ ಹೆಪ್ಪು ಎನ್ನುತ್ತೇವೆ. ಗಾಯವಾದಾಗ ರಕ್ತದೊಳಗಿನ ಹಲವು ಪದಾರ್ಥಗಳು ಒಂದನ್ನೊಂದು ಎಚ್ಚರಿಸುತ್ತ ಹೋಗಿ, ಕೊನೆಗೆ ನೂಲಿನಂಥ ಎಳೆಗಳ ಬಲೆಯನ್ನು ಹೆಣೆದು ಗಾಯದ ಬಾಯನ್ನು ಮುಚ್ಚುತ್ತವೆ. ಈ ಸರಪಳಿಯ ಹಲವು ಕೊಂಡಿಗಳಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಇದನ್ನು ೧೮೯೦ರಲ್ಲಿ ಫ್ರಾನ್ಸಿನ ಆರ್ತ್ಯೂಸ್ ಮತ್ತು ಪಾಜೆಸ್ ಎಂಬವರು ತೋರಿಸಿಕೊಟ್ಟರು. ಕ್ಯಾಲ್ಸಿಯಂ ದೊರೆಯದಂತೆ ಮಾಡಿದರೆ, ಪಾತ್ರೆಯಲ್ಲಿಟ್ಟ ರಕ್ತವು ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯುತ್ತದೆ.

ಇದು ತಿಳಿದಿದ್ದರೂ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಕೆಲಸದಲ್ಲಿ ಬಹುದಿನಗಳವರೆಗೆ ಅದು ಬಳಕೆಗೆ ಬರಲಿಲ್ಲ. ೨೦ನೆಯ ಶತಮಾನದ ಆರಂಭದಲ್ಲಿ ಆಸ್ಟ್ರಿಯಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ವರ್ಗಗಳನ್ನು ಕಂಡುಹಿಡಿದು, ಯಾರ ರಕ್ತ ಯಾರಿಗೆ ಒಗ್ಗುವುದೆಂಬುದನ್ನು ತಿಳಿಯುವ ದಾರಿಯನ್ನು ತೆರೆದಿದ್ದನು. ಆದರೂ ಹೊರಗೆ ಬಂದ ರಕ್ತವು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತಿತ್ತು. ಆದಕಾರಣ ಕೊಡುವವನೂ ಪಡೆಯುವವನೂ ಅಕ್ಕಪಕ್ಕದಲ್ಲಿ ಮಲಗಬೇಕಾಗುತ್ತಿತ್ತು. ೧೯೦೮ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಲೆಕ್ಸಿಸ್ ಕ್ಯಾರೆಲ್ ಎಂಬ ಶಸ್ತ್ರವೈದ್ಯನು ಒಂದು ಹಸುಗೂಸನ್ನು ಉಳಿಸಲು ತಂದೆಯ ಕೈಯ ಅಪಧಮನಿಯನ್ನು ಕೂಸಿನ ಕಾಲಿನ ಅಭಿಧಮನಿಗೆ ಸೂಜಿದಾರಗಳಿಂದ ಹೊಲಿದುಬಿಟ್ಟನು. ಕೂಸು ಬದುಕಿತು. ಆದರೆ ಅಂಥ ಹೊಲಿಗೆಯನ್ನು ಬಲ್ಲ ಕೈಗಳು ಲೋಕದಲ್ಲಿ ಎಷ್ಟಿದ್ದಾವು? ಆ ಹೊತ್ತಿಗೆ ಸರಿಯಾಗಿ ಒಗ್ಗುವ ರಕ್ತದ ಬಂಧುವೊಬ್ಬನು ಬಾಗಿಲಲ್ಲಿ ಸಿದ್ಧನಾಗಿರುವ ಭಾಗ್ಯ ಎಷ್ಟು ಜನರಿಗುಂಟು?

೧೯೧೪ನೆಯ ಇಸವಿಯಲ್ಲಿ ಈ ತೊಡಕು ಬಿಡಿಸಿಕೊಂಡಿತು. ಮಾರ್ಚ್ ತಿಂಗಳಲ್ಲಿ ಬ್ರಸೆಲ್ಸ್ ನಗರದ ಆಲ್ಬರ್ಟ್ ಹುಸ್ಟಿನ್, ನವೆಂಬರ್ ತಿಂಗಳಲ್ಲಿ ಸಾಗರದಾಚೆಯ ಬ್ಯೂನಸ್ ಐರಿಸ್ ನಗರದ ಲೂಯಿಸ್ ಅಗೋಟೆ, ಇಬ್ಬರೂ ಸೋಡಿಯಂ ಸಿಟ್ರೇಟನ್ನು ಬೆರೆಸಿದ ರಕ್ತವನ್ನು ರೋಗಿಗಳಿಗೆ ಕೊಟ್ಟು ಯಶಸ್ವಿಗಳಾದರು. ಉಳಿದಿದ್ದುದು ಪ್ರಮಾಣದ ಪ್ರಶ್ನೆ. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುತ್ತದೆ. ಹೆಚ್ಚಾದರೆ ಲವಣವೇ ವಿಷವಾಗುತ್ತದೆ. ನ್ಯೂಯಾರ್ಕಿನ ರಿಚರ್ಡ್ ಲೆವಿಸೋನ್ ೧೯೧೫ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟನು: ನೂರು ಭಾಗ ರಕ್ತಕ್ಕೆ ಕೇವಲ ೦.೨ ಭಾಗ ಸಿಟ್ರೇಟ್ ಸಾಕು. ಅಷ್ಟರಿಂದ ರೋಗಿಗೆ ಅಪಾಯವಿಲ್ಲ. ಅದೇ ವರ್ಷ ಅದೇ ನಗರದ ರಿಚರ್ಡ್ ವೈಲ್, ಇಂಥ ರಕ್ತವನ್ನು ತಣ್ಣಗಿಟ್ಟು ಕೆಲವು ದಿನಗಳ ಮೇಲೆಯೂ ಬಳಸಬಹುದೆಂದು ಕಂಡನು.

ಅಷ್ಟರಲ್ಲಿ ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿ ಉರಿಯುತ್ತಿತ್ತು. ೧೯೧೬ರಲ್ಲಿ ರೌಸ್ ಮತ್ತು ಟರ್ನರ್ ಎಂಬ ಅಮೆರಿಕದ ವಿಜ್ಞಾನಿಗಳು ಸಿಟ್ರೇಟಿನ ಜೊತೆಗೆ ಸಕ್ಕರೆಯನ್ನೂ ಸೇರಿಸಿದರೆ ರಕ್ತಕಣಗಳು ವಾರಗಟ್ಟಲೆ ಬಾಳುತ್ತವೆಂದು ತೋರಿಸಿದ್ದರು. ರಕ್ತಕಣವೂ ಒಂದು ಜೀವವಷ್ಟೆ. ಅದಕ್ಕೂ ಬುತ್ತಿ ಬೇಕು. ಮರುವರ್ಷ ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ಯುವ ವೈದ್ಯನು ಈ ದ್ರಾವಣದಲ್ಲಿ ರಕ್ತವನ್ನು ಶೇಖರಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಫ್ರಾನ್ಸಿನ ರಣರಂಗದ ಹಿಂದಿನ ಡೇರೆಗಳಿಗೆ ಕೊಂಡೊಯ್ದು ಗಾಯಾಳುಗಳಿಗೆ ಕೊಟ್ಟನು. ಇಂದಿನ ರಕ್ತನಿಧಿಗಳ ಮೂಲ ಆ ಪೆಟ್ಟಿಗೆ.

ಕ್ಯಾಲ್ಸಿಯಮ್ಮನ್ನು ಹಿಡಿಯುವ ಪದಾರ್ಥ ಸಿಟ್ರೇಟ್ ಒಂದೇ ಅಲ್ಲ. ಆರ್ತ್ಯೂಸ್ ಮತ್ತು ಪಾಜೆಸ್ ಬಳಸಿದ್ದು ಆಕ್ಸಲೇಟ್ ಎಂಬ ಲವಣವನ್ನು. ಅದೂ ರಕ್ತವನ್ನು ದ್ರವವಾಗಿಯೇ ಇಡುತ್ತದೆ. ಆದರೆ ಅದು ಮನುಷ್ಯನಿಗೆ ವಿಷ. ಅದು ಹಿಡಿದ ಕ್ಯಾಲ್ಸಿಯಂ ಕರಗದ ಹರಳಾಗಿಬಿಡುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಇಂಥ ಹರಳುಗಳೇ. ಸಿಟ್ರೇಟ್ ಹಾಗಲ್ಲ. ನಾವು ಉಂಡ ಅನ್ನದಿಂದ ಶಕ್ತಿಯನ್ನು ಪಡೆಯುವ ಮಾರ್ಗದಲ್ಲಿ ನಮ್ಮ ದೇಹದ ಜೀವಕೋಶಗಳು ತಾವೇ ಸಿಟ್ರೇಟನ್ನು ಕ್ಷಣಕ್ಷಣವೂ ತಯಾರಿಸಿ ವ್ಯಯಮಾಡುತ್ತಿರುತ್ತವೆ. ಈ ಚಕ್ರವನ್ನು ಹ್ಯಾನ್ಸ್ ಕ್ರೆಬ್ಸ್ ೧೯೩೭ರಲ್ಲಿ ವಿವರಿಸಿದನು. ೧೯೫೩ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರನಾದನು. ಆದಕಾರಣ ರಕ್ತದ ಜೊತೆಗೆ ರೋಗಿಯ ದೇಹವನ್ನು ಹೊಕ್ಕ ಸಿಟ್ರೇಟ್ ಪರಕೀಯವಲ್ಲ. ಯಕೃತ್ತು ಮೊದಲಾದ ಅಂಗಗಳು ಅದನ್ನು ಜೀರ್ಣಿಸಿಕೊಳ್ಳುತ್ತವೆ. ಅದರ ಹಿಡಿತದಲ್ಲಿದ್ದ ಕ್ಯಾಲ್ಸಿಯಂ ಮತ್ತೆ ಸ್ವತಂತ್ರವಾಗುತ್ತದೆ. ಚೀಲದಲ್ಲಿದ್ದಾಗ ಹೆಪ್ಪುಗಟ್ಟಲಾರದಿದ್ದ ರಕ್ತವು ನನ್ನ ತಂಗಿಯ ಮೈಯಲ್ಲಿ ಹೆಪ್ಪುಗಟ್ಟುವ ಕೆಲಸಕ್ಕೆ ಅಡ್ಡಿಯಾಗಲಿಲ್ಲ.

“ಇದು ಕಿತ್ತುಕೊಳ್ಳುವ ಲವಣವಲ್ಲ ಪಂಡಿತರೇ, ಇಟ್ಟುಕೊಂಡಿದ್ದು ಹಿಂದಿರುಗಿಸುವ ಲವಣ” ಎಂದರು ನನ್ನ ಮಿತ್ರರು.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ೩೫೦ ಇಲ್ಲವೆ ೪೫೦ ಮಿಲಿಲೀಟರ್ ರಕ್ತವನ್ನು ತೆಗೆದುಕೊಳ್ಳುತ್ತಾರೆ. ೩೫೦ ಮಿಲಿಲೀಟರಿನ ಚೀಲದಲ್ಲಿ ಮೊದಲೇ ೪೯ ಮಿಲಿಲೀಟರ್ ದ್ರಾವಣ ಸಿದ್ಧವಾಗಿರುತ್ತದೆ. ಸೋಡಿಯಂ ಸಿಟ್ರೇಟ್, ಸಿಟ್ರಿಕ್ ಆಮ್ಲ, ಫಾಸ್ಫೇಟ್, ಸಕ್ಕರೆಯ ಜಾತಿಯ ಡೆಕ್ಸ್‌ಟ್ರೋಸ್, ಅಡೆನಿನ್ ಇವು ಅದರಲ್ಲಿರುತ್ತವೆ. ಅಷ್ಟೂ ದ್ರಾವಣದಲ್ಲಿ ಸೋಡಿಯಂ ಸಿಟ್ರೇಟಿನ ತೂಕ ಸುಮಾರು ೧.೩ ಗ್ರಾಂ, ಎಂದರೆ ಕಾಲು ಚಹಾ ಚಮಚದಷ್ಟು. ಈ ದ್ರಾವಣದಲ್ಲಿ ಬೆರೆತು, ೨ರಿಂದ ೬ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರುವ ರಕ್ತವು ೩೫ ದಿವಸ ಬಳಕೆಗೆ ಯೋಗ್ಯವಾಗಿರುತ್ತದೆ. ನನ್ನ ತಂಗಿಗೆ ದೊರೆತದ್ದು ೧೯ ದಿವಸಗಳ ರಕ್ತ. ಕಾಲು ಚಮಚ ಉಪ್ಪು ಇಲ್ಲದಿದ್ದರೆ ಅದು ಹತ್ತೊಂಬತ್ತು ನಿಮಿಷವೂ ಉಳಿಯುತ್ತಿರಲಿಲ್ಲ.

ಹಾಗೆಂದು ಈ ಲವಣಕ್ಕೆ ದೋಷವಿಲ್ಲವೆಂದಲ್ಲ. ದೊಡ್ಡ ಅಪಘಾತಗಳಲ್ಲಿ ಚೀಲದ ಮೇಲೆ ಚೀಲ ರಕ್ತವನ್ನು ಬೇಗಬೇಗ ಕೊಡಬೇಕಾಗಿ ಬಂದಾಗ ಯಕೃತ್ತಿಗೆ ಬಿಡುವು ಸಿಗುವುದಿಲ್ಲ. ಆಗ ದೇಹದ ಕ್ಯಾಲ್ಸಿಯಂ ಇಳಿದು ಹೃದಯದ ಬಡಿತಕ್ಕೇ ಧಕ್ಕೆಯಾಗಬಹುದು. ವೈದ್ಯರು ಇದನ್ನು ಬಲ್ಲವರಾದುದರಿಂದ ಬೇಕಾದಾಗ ಕ್ಯಾಲ್ಸಿಯಮ್ಮನ್ನು ಬೇರೆಯಾಗಿ ಕೊಡುತ್ತಾರೆ. ಯಂತ್ರದ ಮೂಲಕ ಪ್ಲೇಟ್‌ಲೆಟ್ ದಾನ ಮಾಡುವವರಿಗೆ ಕೆಲವೊಮ್ಮೆ ತುಟಿಯ ಸುತ್ತ ಜುಮ್ಮೆನ್ನುವುದಕ್ಕೂ ಕಾರಣ ಇದೇ ಸಿಟ್ರೇಟ್. ಹಾಗಾದರೆ ಕೂಡಲೇ ದಾದಿಗೆ ತಿಳಿಸಬೇಕು.

ರಕ್ತನಿಧಿಯಿಂದ ಪರೀಕ್ಷಾಲಯಕ್ಕೆ ಬಂದರೆ ಅಲ್ಲಿಯೂ ಇದೇ ಲವಣ. ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಪರೀಕ್ಷೆಗೆ ತಿಳಿನೀಲಿ ಮುಚ್ಚಳದ ಕೊಳವೆಯಲ್ಲಿ ಒಂದು ಭಾಗ ಸಿಟ್ರೇಟ್ ದ್ರಾವಣವಿರುತ್ತದೆ. ಒಂಬತ್ತು ಭಾಗ ರಕ್ತವನ್ನು ತುಂಬುತ್ತಾರೆ. ಪರೀಕ್ಷೆಯ ಹೊತ್ತಿಗೆ ಕ್ಯಾಲ್ಸಿಯಮ್ಮನ್ನು ಮತ್ತೆ ಸೇರಿಸಿ ಗಡಿಯಾರವನ್ನು ನೋಡುತ್ತಾರೆ. ಹಿಂದೆ ಸಕ್ಕರೆ ಕಾಯಿಲೆಯವರ ಮೂತ್ರವನ್ನು ನೀಲಿಯ ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿ, ಅದು ಹಸಿರಾಯಿತೇ, ಹಳದಿಯಾಯಿತೇ, ಇಟ್ಟಿಗೆಯ ಕೆಂಪಾಯಿತೇ ಎಂದು ನೋಡುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಆ ದ್ರಾವಣದಲ್ಲಿ ತಾಮ್ರವು ತಳಕ್ಕೆ ಇಳಿಯದಂತೆ ಹಿಡಿದುಕೊಂಡಿರುತ್ತಿದ್ದುದೂ ಸೋಡಿಯಂ ಸಿಟ್ರೇಟೇ.

ಅಡಿಗೆಮನೆಯಲ್ಲಿ ಈ ಲವಣವು ಗುಪ್ತವಾಗಿ ವಾಸಿಸುತ್ತದೆ. ಹಾಲಿನ ಪ್ರೋಟೀನಿನ ಕಣಗಳನ್ನು ಒಂದುಗೂಡಿಸಿರುವುದೂ ಕ್ಯಾಲ್ಸಿಯಮ್ಮೇ. ಗಟ್ಟಿ ಚೀಸನ್ನು ಸುಮ್ಮನೆ ಕಾಯಿಸಿದರೆ ಎಣ್ಣೆಯಂಶ ಬೇರೆಯಾಗಿ, ಉಳಿದದ್ದು ಅಂಟಾದ ಮುದ್ದೆಯಾಗುತ್ತದೆ. ೧೯೧೧ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಂಬವರು ಸೋಡಿಯಂ ಸಿಟ್ರೇಟನ್ನು ಸೇರಿಸಿ ಚೀಸನ್ನು ನಯವಾಗಿ ಕರಗಿಸಿದರು. ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡಾಗ ಪ್ರೋಟೀನು ಸಡಿಲವಾಗಿ, ಒಂದು ಕಡೆ ಕೊಬ್ಬನ್ನೂ ಇನ್ನೊಂದು ಕಡೆ ನೀರನ್ನೂ ಹಿಡಿದುಕೊಳ್ಳುತ್ತದೆ. ಮಕ್ಕಳು ಬ್ರೆಡ್ಡಿನ ಮಧ್ಯದಲ್ಲಿಟ್ಟು ತಿನ್ನುವ, ಎಲ್ಲಿ ಕೊಯ್ದರೂ ಒಂದೇ ಸಮನಾಗಿರುವ ಚೀಸಿನ ಹೋಳು ಅದರ ವಂಶಜ. ಜಾಮ್, ಜೆಲ್ಲಿ, ತಂಪು ಪಾನೀಯಗಳ ಡಬ್ಬಿಯ ಮೇಲೆ ‘೩೩೧’ ಎಂಬ ಸಂಖ್ಯೆ ಕಂಡರೆ ಅದು ಸೋಡಿಯಂ ಸಿಟ್ರೇಟಿನ ಗುರುತು. ಅಲ್ಲಿ ಅದರ ಕೆಲಸ ಹುಳಿಯನ್ನು ಏರದಂತೆ, ಇಳಿಯದಂತೆ ಒಂದೇ ಮಟ್ಟದಲ್ಲಿಡುವುದು. ಜಲಜನಕ ಹೆಚ್ಚಾದರೆ ಹಿಡಿದುಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಇಲ್ಲಿಯೂ ಅದೇ ಸ್ವಭಾವ!

ಮಕ್ಕಳಿರುವ ಪ್ರತಿಯೊಂದು ಮನೆಯೂ ತಿಳಿದಿರಬೇಕಾದ ಉಪಯೋಗ ಇನ್ನೊಂದಿದೆ. ಮಗುವಿಗೆ ವಾಂತಿಭೇದಿಯಾದಾಗ ಕೊಡುವ ಓ.ಆರ್.ಎಸ್. ಪುಡಿಯ ಮಾತು ಅದು. ೧೯೭೧ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬನಗಾಂವ್ ನಿರಾಶ್ರಿತರ ಶಿಬಿರವನ್ನು ಕಾಲರಾ ಹೊಕ್ಕಿತು. ಅಭಿಧಮನಿಗೆ ಕೊಡುವ ಲವಣಜಲ ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸ್ ಇವನ್ನು ನೀರಿನಲ್ಲಿ ಕದಡಿ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ೨೦೨೨ರಲ್ಲಿ ತೀರಿಕೊಂಡ ಅವರಿಗೆ ೨೦೨೩ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂದಿತು.

ಆ ಪುಡಿಯನ್ನು ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುವಾಗ ಒಂದು ತೊಂದರೆ ಎದುರಾಯಿತು. ಸೆಕೆ ಮತ್ತು ತೇವದಲ್ಲಿ ಅಡಿಗೆ ಸೋಡವು ಗ್ಲೂಕೋಸಿನೊಡನೆ ಸೇರಿ ಪುಡಿಯು ಗಂಟುಗಟ್ಟಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ೧೯೮೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೋಡದ ಬದಲು ಸೋಡಿಯಂ ಸಿಟ್ರೇಟನ್ನು ಗೊತ್ತುಮಾಡಿತು. ಇದು ಪೊಟ್ಟಣದಲ್ಲಿ ಕೆಡುವುದಿಲ್ಲ. ದೇಹವನ್ನು ಹೊಕ್ಕ ಮೇಲೆ ಸೋಡ ಮಾಡುತ್ತಿದ್ದ ಕೆಲಸವನ್ನು ತಾನೂ ಮಾಡುತ್ತದೆ. ಇಂದಿನ ಕ್ರಮಬದ್ಧವಾದ ೨೦.೫ ಗ್ರಾಂ ಪೊಟ್ಟಣದಲ್ಲಿ ಗ್ಲೂಕೋಸ್ ೧೩.೫ ಗ್ರಾಂ, ಉಪ್ಪು ೨.೬, ಪೊಟ್ಯಾಸಿಯಂ ಕ್ಲೋರೈಡ್ ೧.೫, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ ಇರುತ್ತವೆ.

ಈ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಒಂದು ಲೋಟಕ್ಕೆ ಇಷ್ಟು ಸಾಕೆಂದು ಕಣ್ಣಂದಾಜಿನಲ್ಲಿ ಬೆರೆಸಕೂಡದು. ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾದರೆ ಮಗುವಿಗೆ ಕೇಡು. ಬೇರೆ ಸಕ್ಕರೆಯನ್ನು ಸೇರಿಸಕೂಡದು. ಬೆರೆಸಿದ ಮೇಲೆ ಕುದಿಸಕೂಡದು. ೨೪ ಗಂಟೆಗಳ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಿರುವಷ್ಟೇ ನೀರು. ಹೆಸರನ್ನು ನಂಬದೆ ವಿವರವನ್ನು ಓದುವ ಅಭ್ಯಾಸವೂ ಇರಲಿ. ಸಕ್ಕರೆ ಹೆಚ್ಚಾಗಿರುವ ಪಾನೀಯಗಳು ಈ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದರಿಂದ, ೨೦೨೫ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥವುಗಳ ಮೇಲೆ ಓ.ಆರ್.ಎಸ್. ಎಂದು ಅಚ್ಚುಹಾಕಕೂಡದೆಂದು ಆದೇಶಿಸಿತು. ಮಗು ಸೊರಗಿ ಕಣ್ಣು ಗುಳಿಬಿದ್ದರೆ, ಕುಡಿದದ್ದು ನಿಲ್ಲದಿದ್ದರೆ, ಪೊಟ್ಟಣವನ್ನೇ ನೆಚ್ಚಿ ಕೂರದೆ ವೈದ್ಯರಲ್ಲಿಗೆ ಒಯ್ಯಬೇಕು.

ಮೂತ್ರದ ಉರಿಗೆ ವೈದ್ಯರು ಬರೆದುಕೊಡುವ ಸಿಹಿಹುಳಿಯ ಸಿರಪ್ಪಿನಲ್ಲಿಯೂ ಇದರ ದಾಯಾದಿಯಾದ, ಎರಡೇ ಸೋಡಿಯಂ ಪರಮಾಣುಗಳಿರುವ ಸಿಟ್ರೇಟ್ ಇರುತ್ತದೆ. ಅದು ಮೂತ್ರದ ಆಮ್ಲತೆಯನ್ನು ತಗ್ಗಿಸುತ್ತದೆ. ಆದರೆ ಸೋಡಿಯಂ ಸಿಟ್ರೇಟಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಸೋಡಿಯಮ್ಮೇ ಆದಕಾರಣ, ರಕ್ತದ ಒತ್ತಡ, ಹೃದಯ ಇಲ್ಲವೆ ಮೂತ್ರಪಿಂಡಗಳ ತೊಂದರೆಯಿರುವವರು ಇಂಥವನ್ನು ತಾವಾಗಿಯೇ ಕೊಂಡು ಕುಡಿಯುವುದು ವಿವೇಕವಲ್ಲ.

ಇಷ್ಟನ್ನೂ ಕೇಳಿಕೊಂಡು ಅಂದು ಸಂಜೆ ಮನೆಗೆ ಬಂದು ಶ್ರೀಮತಿಗೆ ಹೇಳಿದೆ. ಅವಳು ಶರಬತ್ತಿನ ಸೀಸೆಗಳನ್ನು ಒರೆಸಿಡುತ್ತ ಎಲ್ಲವನ್ನೂ ಕೇಳಿ, “ಅದೆಲ್ಲ ಸರಿ ಕಣ್ರೀ. ಆ ರಕ್ತ ಕೊಟ್ಟವರು ಯಾರು ಅಂತ ಗೊತ್ತಾಯಿತೇ?” ಎಂದಳು.

ಗೊತ್ತಾಗಿರಲಿಲ್ಲ, ಗೊತ್ತಾಗುವ ಹಾಗೂ ಇಲ್ಲ. ರಕ್ತನಿಧಿಯವರು ಹೆಸರನ್ನು ಹೇಳುವುದಿಲ್ಲ. ನನ್ನ ತಂಗಿಗೆ ಹೆರಿಗೆಯಾಗುವುದಕ್ಕೆ ಹತ್ತೊಂಬತ್ತು ದಿವಸಗಳ ಮುಂಚೆ, ಎಲ್ಲಿಯೋ ಒಬ್ಬರು ಯಾರಿಗೆಂದು ತಿಳಿಯದೆ ಕೈಚಾಚಿ ಮಲಗಿ, ಎದ್ದು ಹೋಗಿದ್ದರು. ಅವರು ಕೊಟ್ಟ ದಿನಕ್ಕೂ ಇವಳಿಗೆ ಬೇಕಾದ ರಾತ್ರಿಗೂ ಸೇತುವೆಯಾಗಿ ನಿಂತದ್ದು ಕಾಲು ಚಮಚ ಉಪ್ಪು. ಕೊಡುವವನು ಪಡೆಯುವವನ ಪಕ್ಕದಲ್ಲಿ ಮಲಗಬೇಕಾಗಿದ್ದ ಕಾಲದಲ್ಲಿ ಮನುಷ್ಯನು ತನ್ನವರಿಗೆ ಮಾತ್ರ ರಕ್ತವನ್ನು ಕೊಡಬಲ್ಲವನಾಗಿದ್ದನು. ಈ ಲವಣವು ಅವನನ್ನು ಅಪರಿಚಿತರಿಗೂ ಕೊಡಬಲ್ಲವನನ್ನಾಗಿ ಮಾಡಿತು.

ಆದರೆ ಲವಣವು ಕಾಯ್ದಿಡಬಲ್ಲದೇ ಹೊರತು ರಕ್ತವನ್ನು ಸೃಷ್ಟಿಸಲಾರದು. ಮೂವತ್ತೈದು ದಿವಸಗಳಾದ ಮೇಲೆ ಚೀಲವು ನಿರುಪಯುಕ್ತ; ಮತ್ತೊಬ್ಬರು ಬಂದು ಕೈಚಾಚಲೇಬೇಕು. ಹದಿನೆಂಟು ತುಂಬಿದ, ೪೫ ಕಿಲೋ ತೂಕವಿರುವ, ರಕ್ತದಲ್ಲಿ ಹಿಮೋಗ್ಲೋಬಿನ್ ೧೨.೫ ಗ್ರಾಂಗೆ ಕಡಿಮೆಯಿಲ್ಲದ ಆರೋಗ್ಯವಂತರು ಕೊಡಬಹುದು. ಒಂದು ಸಲ ಕೊಟ್ಟ ಮೇಲೆ ಗಂಡಸರಿಗೆ ೯೦ ದಿವಸ, ಹೆಂಗಸರಿಗೆ ೧೨೦ ದಿವಸ ಬಿಡುವು ಬೇಕು.

ನಾಚಿಕೆಯಿಂದ ಹೇಳಬೇಕಾದ ಮಾತೆಂದರೆ, ತಂಗಿಗೆ ಆ ರಾತ್ರಿ ರಕ್ತ ಬೇಕಾಗುವವರೆಗೆ ಸೂಜಿಯ ಹೆದರಿಕೆಯಿಂದ ನಾನು ಒಂದು ಸಲವೂ ಕೊಟ್ಟವನಲ್ಲ. ಆಮೇಲೆಯೂ ಎರಡು ವರ್ಷಗಳು ಇಂದು ನಾಳೆಯೆಂದು ಕಳೆದುಹೋದವು. ಶ್ರೀಮತಿಯ ಪ್ರಶ್ನೆಗೆ ಉತ್ತರ ಹೇಳಲಾರದೆ ಮರುದಿನ ಕಾಲೇಜು ಮುಗಿದ ಮೇಲೆ ನೇರವಾಗಿ ರಕ್ತನಿಧಿಗೆ ಹೋದೆ. ಹತ್ತು ನಿಮಿಷದ ಕೆಲಸ. ಎದ್ದು ಕುಳಿತಾಗ ದಾದಿಯು ಕುಡಿಯಲು ಕೊಟ್ಟದ್ದು ಒಂದು ಲೋಟ ನಿಂಬೆಯ ಶರಬತ್ತು. ಕೊಳವೆಯ ತುದಿಯಲ್ಲಿ ತೂಗುತ್ತಿದ್ದ ಚೀಲದ ಮೇಲೆ ಅದೇ ಎರಡು ಪದಗಳಿದ್ದವು. ಈ ಸಲ ಅರ್ಥವಾಗಿಯೇ ಓದಿದೆ.

ಉಪ್ಪಿನ ಋಣವನ್ನು ಮರೆಯಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಯಾರ ಮನೆಯ ಉಪ್ಪೆಂದು ತಿಳಿಯದಿದ್ದಾಗ ಆ ಋಣವನ್ನು ತೀರಿಸುವ ಬಗೆ ಇದೊಂದೇ ಎಂದು ನನಗೆ ತೋರುತ್ತದೆ.